ಗ್ಯಾಸ್ ಮುಗಿಯುವುದಿಲ್ಲ, ಸೋರುತ್ತದೆ

ಯುಗಾದಿ ಹತ್ತಿರ ಬಂತೆಂದರೆ ದಾವಣಗೆರೆಯ ನಮ್ಮ ಎಂ.ಸಿ.ಸಿ. ಬಡಾವಣೆಯ ಬೆಳಗಿನ ವಾಕಿಂಗ್‌ನಲ್ಲಿ ಒಂದು ಮಾತು ಬಂದೇ ಬರುತ್ತದೆ. “ಕಾರಿನ ಎ.ಸಿ. ತಣ್ಣಗಾಗ್ತಿಲ್ಲ ನೋಡ್ರಿ, ಗ್ಯಾಸ್ ಹಾಕಿಸ್ಬೇಕು.” ಜೊತೆಯವರೂ ತಲೆಯಾಡಿಸುತ್ತಾರೆ: “ಹೌದ್ರಿ, ನಮ್ದೂ ಹೋದ್ವರ್ಷ ಹಾಕ್ಸಿದ್ದು, ಮುಗಿದಿರ್ಬೇಕು.” ಅಡುಗೆಯ ಸಿಲಿಂಡರ್ ಮುಗಿಯುವ ಹಾಗೆ ಕಾರಿನ ಎ.ಸಿ. ಗ್ಯಾಸೂ ಬಳಸಿದಷ್ಟು ಮುಗಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇದು ತಪ್ಪು ನಂಬಿಕೆ. ಇದರಿಂದ ಹಳೆಯ ಕಾರಿನ ಮಾಲೀಕರು ಪ್ರತಿ ಬೇಸಿಗೆ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಅದಕ್ಕೇ ಈ ಬರಹ.

ಕಾರಿನ ಎ.ಸಿ.ಯಲ್ಲಿರುವ ಗ್ಯಾಸ್ ಉರಿಯುವುದಿಲ್ಲ, ಖರ್ಚಾಗುವುದಿಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ರಬ್ಬರ್ ಪೈಪುಗಳ ಮೂಲಕ ವರ್ಷಕ್ಕೆ ಸ್ವಲ್ಪ ಹೊರಗೆ ಹೋಗುವುದುಂಟು. ಅಷ್ಟು ಬಿಟ್ಟರೆ ಹತ್ತು ವರ್ಷದ ಹಿಂದೆ ತುಂಬಿದ್ದು ಇವತ್ತೂ ಅಲ್ಲೇ ಇರಬೇಕು. ಒಂದೇ ವರ್ಷದಲ್ಲಿ ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಕೊಡಕ್ಕೆ ನೀರು ತುಂಬುವ ಮೊದಲು ತೂತು ಹುಡುಕುತ್ತೇವೆ. ಕಾರಿನ ವಿಷಯದಲ್ಲಿ ಮಾತ್ರ ತುಂಬಿಸುತ್ತಲೇ ಹೋಗುತ್ತೇವೆ.

ನಾನೂ ಮೂರು ಬೇಸಿಗೆ ಹಾಗೇ ಮಾಡಿದೆ. ನಮ್ಮದು 2008ರ ಸಣ್ಣ ಕಾರು. ಅತ್ತೆಯವರು ಹರಿಹರದಲ್ಲಿದ್ದಾರೆ, ವಯಸ್ಸು ಎಂಬತ್ತರ ಹತ್ತಿರ. ತಿಂಗಳಿಗೊಮ್ಮೆ ತಪಾಸಣೆಗೆಂದು ಅವರನ್ನು ನಮ್ಮ ಬಡಾವಣೆಗೆ ಕರೆತರಬೇಕು. ದಾರಿ ಹದಿನಾಲ್ಕು ಕಿಲೋಮೀಟರು, ಅಷ್ಟೇ. ಆದರೆ ಏಪ್ರಿಲ್ ಮಧ್ಯಾಹ್ನ, ಹೊರಗೆ 38 ಡಿಗ್ರಿ ಇರುವಾಗ ಗಾಜು ಏರಿಸಿದ ಕಾರಿನಲ್ಲಿ ಬಿಸಿಗಾಳಿ ಬಂದರೆ ಆ ಜೀವಕ್ಕೆ ಎಷ್ಟು ಸಂಕಟ ಎಂಬುದನ್ನು ಪಕ್ಕದ ಸೀಟಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಮಾರ್ಚ್‌ನಲ್ಲಿ ಗ್ಯಾಸ್ ಹಾಕಿಸುವುದು, ಮೇ ಬರುವಷ್ಟರಲ್ಲಿ ಮತ್ತೆ ಬಿಸಿ. ಮೂರು ವರ್ಷವೂ ಯಾರೂ ಬಾನೆಟ್ ಎತ್ತಿ ಎಲ್ಲಿ ಸೋರುತ್ತಿದೆ ಎಂದು ನೋಡಲಿಲ್ಲ. ನಾನೂ ಕೇಳಲಿಲ್ಲ.

ಕೇಳಬೇಕೆಂದರೆ ಒಳಗೆ ಏನು ನಡೆಯುತ್ತದೆ ಎಂಬುದು ಸ್ವಲ್ಪವಾದರೂ ಗೊತ್ತಿರಬೇಕು. ಇಂಜೆಕ್ಷನ್ ಕೊಡುವ ಮುನ್ನ ನರ್ಸ್ ತೋಳಿಗೆ ಸ್ಪಿರಿಟ್ ಸವರಿದಾಗ ತಣ್ಣಗೆನಿಸುತ್ತದಲ್ಲ, ಅಲ್ಲಿಂದಲೇ ಹಿಡಿಯೋಣ. ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ನಮ್ಮ ಕಾರುಗಳಲ್ಲಿರುವ ಆರ್-134ಎ ಎಂಬ ಗ್ಯಾಸ್, ಬಯಲಿನಲ್ಲಿ ಬಿಟ್ಟರೆ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದು ಆವಿಯಾಗುತ್ತದೆ. ಆದರೆ ಒತ್ತಡ ಹೆಚ್ಚಿಸಿದರೆ ಕುದಿಯುವ ಮಟ್ಟವೂ ಮೇಲೇರುತ್ತದೆ. ಮನೆಯ ಕುಕ್ಕರಿನಲ್ಲಿ ನೀರು 100 ಡಿಗ್ರಿ ದಾಟಿ 120ರ ಹತ್ತಿರ ಹೋದಮೇಲೆ ಕುದಿಯುವುದೂ ಇದೇ ಕಾರಣಕ್ಕೆ. ಕಂಪ್ರೆಸರ್ ಗ್ಯಾಸನ್ನು ಸುಮಾರು 200 ಪಿ.ಎಸ್.ಐ. ಒತ್ತಡಕ್ಕೆ ಅದುಮುತ್ತದೆ. ಆ ಒತ್ತಡದಲ್ಲಿ ಅದು 55 ಡಿಗ್ರಿಯಲ್ಲೇ ದ್ರವವಾಗಬಲ್ಲದು. ಹೀಗಾಗಿ ರೇಡಿಯೇಟರಿನ ಮುಂದೆ ಕೂತ ಕಂಡೆನ್ಸರಿನಲ್ಲಿ, 38 ಡಿಗ್ರಿಯ ನಮ್ಮ ಊರಿನ ಗಾಳಿಯೂ ಅದಕ್ಕೆ ತಂಗಾಳಿಯೇ. ಶಾಖವನ್ನು ಹೊರಗೆ ಚೆಲ್ಲಿ ಅದು ದ್ರವವಾಗುತ್ತದೆ. ಮುಂದೆ ತೇವ ಹೀರುವ ಡ್ರೈಯರ್ ದಾಟಿ, ಎಕ್ಸ್‌ಪಾನ್ಶನ್ ವಾಲ್ವ್‌ನ ಸಣ್ಣ ರಂಧ್ರದಲ್ಲಿ ನುಸುಳಿ, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್ ಸೇರುತ್ತದೆ. ಅಲ್ಲಿ ಒತ್ತಡ 30 ಪಿ.ಎಸ್.ಐ.ಗೆ ಇಳಿಯುತ್ತದೆ. ಆ ಒತ್ತಡದಲ್ಲಿ ಅದು ಕುದಿಯುವುದು ಒಂದು ಡಿಗ್ರಿಯ ಆಸುಪಾಸಿನಲ್ಲಿ. ಕಾರಿನೊಳಗಿನ ಶಾಖವನ್ನೆಲ್ಲ ಹೀರಿ ಮತ್ತೆ ಆವಿಯಾಗಿ ಕಂಪ್ರೆಸರಿಗೆ ಮರಳುತ್ತದೆ. ಎ.ಸಿ. ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಇಷ್ಟು ಮನಸ್ಸಿನಲ್ಲಿದ್ದರೆ ಅರ್ಧ ದೋಷಗಳು ತಾವಾಗಿಯೇ ತಿಳಿಯುತ್ತವೆ.

ಹರಿಹರದಿಂದ ಬರುವ ದಾರಿಯನ್ನೇ ನೋಡಿ. ಹೆದ್ದಾರಿಯಲ್ಲಿ ಅರವತ್ತು, ಎಪ್ಪತ್ತರ ವೇಗದಲ್ಲಿ ಎ.ಸಿ. ತಣ್ಣಗಿರುತ್ತದೆ. ಊರೊಳಗೆ ಬಂದು ಗಾಂಧಿ ವೃತ್ತದ ಸಿಗ್ನಲ್‌ನಲ್ಲಿ ನಿಂತ ಎರಡು ನಿಮಿಷಕ್ಕೆ ಬಿಸಿ. ಅಶೋಕ ಟಾಕೀಸ್ ಪಕ್ಕದ ರೈಲ್ವೆ ಗೇಟಿನಲ್ಲಿ ಕಾದು ಬೆವರಿದ ಹಳಬರಿಗೆ ಈ ಅನುಭವ ಚೆನ್ನಾಗಿ ಗೊತ್ತು. ಕಾರು ಓಡುವಾಗ ಎದುರುಗಾಳಿ ಕಂಡೆನ್ಸರನ್ನು ತಂಪು ಮಾಡುತ್ತದೆ. ನಿಂತಾಗ ಆ ಕೆಲಸವನ್ನು ಅಲ್ಲಿರುವ ಫ್ಯಾನ್ ಮಾಡಬೇಕು. ಫ್ಯಾನ್ ತಿರುಗದಿದ್ದರೆ, ಅಥವಾ ಮೋಟಾರ್ ಸೋತು ನಿಧಾನ ತಿರುಗುತ್ತಿದ್ದರೆ ಬಿಸಿ ಹೊರಹೋಗಲು ದಾರಿಯಿಲ್ಲ. ಗ್ಯಾಸ್ ಕಡಿಮೆ ಇದ್ದರೂ, ಕಂಪ್ರೆಸರ್ ಸೋತಿದ್ದರೂ ಹೀಗಾಗಬಹುದು ನಿಜ. ಆದರೆ ಮೊದಲು ನೋಡಬೇಕಾದದ್ದು ಫ್ಯಾನ್. ಫ್ಯೂಸ್, ರಿಲೇ, ಮೋಟಾರ್ ಎಂದು ಹತ್ತು ನಿಮಿಷದ ಪರೀಕ್ಷೆ. ಇದನ್ನು ಬಿಟ್ಟು ನೇರ ಗ್ಯಾಸ್ ತುಂಬಿದರೆ ಒತ್ತಡ ಇನ್ನೂ ಏರಿ ಪೈಪಿನ ಜೋಡಣೆಗಳ ಮೇಲೆ ಹೊರೆ ಬೀಳುತ್ತದೆ.

ಫ್ಯಾನ್ ಸರಿಯಿದ್ದರೂ ಕಂಡೆನ್ಸರ್ ಉಸಿರುಗಟ್ಟಿರಬಹುದು. ನಮ್ಮದು ಮೆಕ್ಕೆಜೋಳದ, ಭತ್ತದ ಜಿಲ್ಲೆ. ಸುಗ್ಗಿಯಲ್ಲಿ ಮಲೇಬೆನ್ನೂರಿನ ಕಡೆ ಹೋಗಿಬಂದರೆ ಸಾಕು, ಹೊಟ್ಟು, ದೂಳು, ಸತ್ತ ಹುಳುಗಳು ಕಂಡೆನ್ಸರಿನ ರೆಕ್ಕೆಗಳ ನಡುವೆ ತುಂಬಿಕೊಳ್ಳುತ್ತವೆ. ಇದಕ್ಕೆ ಮನೆಯ ನಲ್ಲಿಯ ನೀರು ಸಾಕು. ಎಂಜಿನ್ ತಣ್ಣಗಿರುವಾಗ, ಹೆಚ್ಚು ರಭಸವಿಲ್ಲದೆ, ಪೈಪಿನಲ್ಲಿ ನಿಧಾನವಾಗಿ ನೀರು ಹರಿಸಿ. ವಾಟರ್ ಸರ್ವಿಸ್‌ನವರ ಪ್ರೆಶರ್ ಗನ್ ಹತ್ತಿರದಿಂದ ಹಿಡಿದರೆ ಆ ತೆಳು ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ.

ನಮ್ಮ ಬೀದಿಯ ಇನ್ನೊಂದು ಕತೆ ಹೊಂಗೆ ಮರದ್ದು. ಬೇಸಿಗೆಯಲ್ಲಿ ಹೊಂಗೆಯ ನೆರಳಿಗಿಂತ ಒಳ್ಳೆಯದು ಬೇರೆ ಇಲ್ಲ, ಎಲ್ಲರೂ ಅದರ ಕೆಳಗೇ ಕಾರು ನಿಲ್ಲಿಸುತ್ತೇವೆ. ಬೆಳಗ್ಗೆ ಎದ್ದು ನೋಡಿದರೆ ಬಾನೆಟ್ ಮೇಲೆಲ್ಲ ಅಕ್ಕಿ ಚೆಲ್ಲಿದಂತೆ ಹೂವು. ವೈಪರಿನ ಕೆಳಗಿನ ಜಾಲರಿಯೇ ಕಾರಿನೊಳಗೆ ಗಾಳಿ ಹೋಗುವ ಬಾಗಿಲು. ಹೂವೂ ಎಲೆಚೂರೂ ಅಲ್ಲಿಂದಿಳಿದು ಬ್ಲೋವರ್, ಫಿಲ್ಟರ್ ಸೇರುತ್ತವೆ. ಫಿಲ್ಟರ್ ಇಲ್ಲದ ಹಳೆಯ ಕಾರುಗಳಲ್ಲಿ ನೇರ ಕೂಲಿಂಗ್ ಕಾಯಿಲ್ ಮೇಲೆಯೇ ಮೆತ್ತಿಕೊಳ್ಳುತ್ತವೆ. ಕಾಯಿಲ್ ಸದಾ ಒದ್ದೆ. ಕಸ ಕೊಳೆತು ಬೂಸಲು ಹಿಡಿದು, ಎ.ಸಿ. ಹಾಕಿದ ತಕ್ಷಣ ಹಳೆಯ ಗೋಣಿಚೀಲದ ವಾಸನೆ. ಗಾಳಿಯ ರಭಸವೂ ಕುಗ್ಗುತ್ತದೆ. ನೀರು ಹೊರಹೋಗುವ ಸಣ್ಣ ಪೈಪು ಕಟ್ಟಿಕೊಂಡರೆ ಎಡಗಡೆ ಕೂತವರ ಕಾಲಡಿಯ ಮ್ಯಾಟ್ ನೆನೆಯುತ್ತದೆ. ಇದ್ಯಾವುದಕ್ಕೂ ಗ್ಯಾಸ್ ಮದ್ದಲ್ಲ.

ಅಂಗಡಿಗೆ ಹೋಗುವ ಮುನ್ನ ಮನೆಯ ಮುಂದೆಯೇ ಒಂದು ಬೆಳಗ್ಗೆ ಹದಿನೈದು ನಿಮಿಷ ಕೊಡಿ. ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ, ಒಳಗೆ ಒಬ್ಬರನ್ನು ಕೂರಿಸಿ ಎ.ಸಿ. ಗುಂಡಿ ಒತ್ತಿಸಿ. ಕಂಪ್ರೆಸರಿನಿಂದ ‘ಟಕ್’ ಎಂಬ ಸದ್ದು ಬಂದು, ಪುಲ್ಲಿಯ ಮುಂಭಾಗದ ತಟ್ಟೆ ಜೊತೆಗೇ ತಿರುಗಬೇಕು. ಫ್ಯಾನ್ ಓಡಬೇಕು. (ಫ್ಯಾನ್ ಮತ್ತು ಬೆಲ್ಟ್‌ನಿಂದ ಕೈ, ಸೀರೆ ಸೆರಗು, ದುಪ್ಪಟ್ಟ ದೂರ ಇರಲಿ. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು.) ಐದು ನಿಮಿಷ ಬಿಟ್ಟು, ಡ್ಯಾಶ್‌ಬೋರ್ಡಿನ ಕಡೆಗೆ ಹೋಗುವ ಎರಡು ಪೈಪು ಮುಟ್ಟಿ ನೋಡಿ. ದಪ್ಪದ್ದು ತಣ್ಣಗಾಗಿ ಬೆವರಬೇಕು, ತೆಳುವಾದದ್ದು ಬೆಚ್ಚಗಿರಬೇಕು. ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವ ಪೈಪು ಕೈ ಸುಡುವಷ್ಟು ಬಿಸಿ, ಅದನ್ನು ಮುಟ್ಟಬೇಡಿ. ಆಮೇಲೆ ಬ್ಲೋವರ್ ಒಂದರಿಂದ ನಾಲ್ಕರವರೆಗೂ ಓಡುತ್ತದೆಯೇ ನೋಡಿ. ನಾಲ್ಕರಲ್ಲಿ ಮಾತ್ರ ಓಡಿದರೆ ರೆಸಿಸ್ಟರ್ ಸುಟ್ಟಿದೆ. ಅದು ಸಣ್ಣ ಕೆಲಸ.

ಅರ್ಧ ಗಂಟೆ ಚೆನ್ನಾಗಿ ತಣ್ಣಗಿದ್ದು ಆಮೇಲೆ ಕೈಕೊಡುವ ಎ.ಸಿ.ಯನ್ನು ಗಮನಿಸಿ ನೋಡಬೇಕು. ಕಿಂಡಿಯಿಂದ ಬರುವ ಗಾಳಿಯೇ ಕಡಿಮೆಯಾದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದೆ ಎಂದರ್ಥ. ಹತ್ತು ನಿಮಿಷ ಎ.ಸಿ. ಆರಿಸಿ ಬ್ಲೋವರ್ ಮಾತ್ರ ಓಡಿಸಿದರೆ ಗಾಳಿ ಮರಳುತ್ತದೆ. ಅಲ್ಲಿ ಸಂಶಯ ಪಡಬೇಕಾದದ್ದು ಕಾಯಿಲ್‌ನ ಉಷ್ಣತೆ ಅಳೆಯುವ ಸೆನ್ಸರನ್ನು. ಗಾಳಿಯ ರಭಸ ಹಾಗೇ ಇದ್ದು ತಂಪು ಮಾತ್ರ ಹೋದರೆ ಕಂಪ್ರೆಸರಿನ ಕ್ಲಚ್ ನೋಡಿಸಿ. ಹಳೆಯ ಕಾರುಗಳಲ್ಲಿ ಕ್ಲಚ್ ತಟ್ಟೆ ಸವೆದು ಪುಲ್ಲಿಯಿಂದ ದೂರ ಸರಿದಿರುತ್ತದೆ. ಆ ಸಂದು ಅರ್ಧ ಮಿಲಿಮೀಟರಿನ ಆಸುಪಾಸು ಇರಬೇಕು. ಹೆಚ್ಚಾದರೆ, ಬಿಸಿಯೇರಿ ಸೋತ ಅಯಸ್ಕಾಂತ ಅದನ್ನು ಎಳೆದುಕೊಳ್ಳಲಾರದು. ಒಳಗಿನ ಒಂದು ತೆಳು ವಾಷರ್ ತೆಗೆದು ಸಂದು ಕಡಿಮೆ ಮಾಡಿದರೆ ಎಷ್ಟೋ ಕಂಪ್ರೆಸರುಗಳು ಮತ್ತೆ ವರ್ಷಗಟ್ಟಲೆ ದುಡಿಯುತ್ತವೆ. ‘ಕಂಪ್ರೆಸರ್ ಹೋಗಿದೆ, ಬದಲಿಸಿ’ ಎಂಬ ತೀರ್ಪು ಒಪ್ಪಿಕೊಳ್ಳುವ ಮೊದಲು ಕ್ಲಚ್‌ಗೆ ಕರೆಂಟ್ ಬರುತ್ತಿದೆಯೇ, ಸಂದು ಎಷ್ಟಿದೆ, ಗೇಜ್ ಏನು ಹೇಳುತ್ತಿದೆ ಎಂದು ಕೇಳುವುದು ನಿಮ್ಮ ಹಕ್ಕು.

ಇನ್ನು ನಮ್ಮ ಕಾರಿನ ಸೋರಿಕೆ. ನಾಲ್ಕನೇ ಬೇಸಿಗೆಯಲ್ಲಿ ಪರಿಚಯದವರೊಬ್ಬರು ಹರಿಹರದ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಕಳಿಸಿದರು. ಹರಿಹರ ಯಂತ್ರದ ಊರು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿ ಶುರುವಾದಾಗಿನಿಂದ ಲೇತ್ ಮಷಿನ್ ಹಿಡಿದ ಕೈಗಳು ಆ ಊರಿನಲ್ಲಿ ತಲೆಮಾರುಗಟ್ಟಲೆ ಇದ್ದವು. ಕಾರ್ಖಾನೆ ಮುಚ್ಚಿದೆ, ಆದರೆ ನೂಲೆಳೆಯಷ್ಟು ವ್ಯತ್ಯಾಸವನ್ನೂ ಬಿಡದೆ ನೋಡುವ ಅಭ್ಯಾಸ ಇನ್ನೂ ಅಲ್ಲಲ್ಲಿ ಉಳಿದಿದೆ. ನಾನು “ಗ್ಯಾಸ್ ಹಾಕ್ಬೇಕಿತ್ತು” ಎಂದಾಗ ಅವರು ಡಬ್ಬಿಯ ಕಡೆ ಕೈ ಚಾಚಲಿಲ್ಲ. “ಗ್ಯಾಸ್ ಆಮ್ಯಾಲೆ ಹಾಕಾಣ್ರಿ ಸರ್. ಮೊದ್ಲು ಎಲ್ಲಿ ಹೋಗ್ತೈತಿ ನೋಡಾಣ” ಎಂದರು.

ಮೊದಲು ಟಾರ್ಚ್ ಹಿಡಿದು ಪೈಪುಗಳ ಪ್ರತಿ ಜೋಡಣೆಯನ್ನೂ ಬೆರಳಿನಿಂದ ಸವರುತ್ತಾ ಹೋದರು. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತಿರುತ್ತದೆ. ಸೋರುವ ಕಡೆ ಎಣ್ಣೆ ಜಿನುಗಿ, ಅದಕ್ಕೆ ದೂಳು ಮೆತ್ತಿ ಕಪ್ಪಾಗುತ್ತದೆ. ಕಂಡೆನ್ಸರಿನ ಮೇಲಿನ ಜೋಡಣೆಯಲ್ಲಿ ಅವರ ಬೆರಳು ನಿಂತಿತು. ಆದರೂ ಕಲೆ ನೋಡಿ ತೀರ್ಮಾನಿಸಲಿಲ್ಲ. ಪೈಪುಗಳಿಗೆ ನೈಟ್ರೋಜನ್ ತುಂಬಿ, ಬಟ್ಟಲಲ್ಲಿ ಸೋಪು ಕದಡಿ, ಬ್ರಷ್‌ನಿಂದ ಹಚ್ಚಿದರು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು, ಪಕ್ಕದಲ್ಲಿ ಇನ್ನೊಂದು. “ಬಗ್ಗಿ ನೋಡ್ರಿ ಸರ್” ಎಂದು ನನಗೇ ತೋರಿಸಿದರು. ಜೋಡಣೆ ಬಿಚ್ಚಿ ಒಳಗಿನ ಓ-ರಿಂಗ್ ತೆಗೆದು ಅಂಗೈಯಲ್ಲಿಟ್ಟರು. ದುಂಡಗೆ, ಮೆತ್ತಗೆ ಇರಬೇಕಾದ ರಬ್ಬರ್ ಬಳೆ ಚಪ್ಪಟೆಯಾಗಿ, ಗಟ್ಟಿಯಾಗಿ, ಉಗುರು ಒತ್ತಿದರೆ ಸೀಳುವಂತಿತ್ತು. ಮೂರು ವರ್ಷ ನಾನು ತುಂಬಿಸಿದ ಗ್ಯಾಸೆಲ್ಲ ಆ ಬಳೆಯ ಪಕ್ಕದಿಂದ ಗಾಳಿಗೆ ಹೋಗಿತ್ತು. ಆ ಬಳೆಯ ಬೆಲೆ ಹತ್ತಿಪ್ಪತ್ತು ರೂಪಾಯಿ.

ಇಲ್ಲಿ ಒಂದು ಎಚ್ಚರಿಕೆ. ಸೋರಿಕೆ ಪರೀಕ್ಷೆಗೆ ಪಂಕ್ಚರ್ ಅಂಗಡಿಯ ಗಾಳಿ ತುಂಬಬಾರದು, ಅದರಲ್ಲಿ ನೀರಿನ ಅಂಶವಿರುತ್ತದೆ. ಆಕ್ಸಿಜನ್ ಅಂತೂ ಕೂಡದು. ಎಣ್ಣೆಯೊಡನೆ ಸೇರಿ ಸಿಡಿಯಬಹುದು. ಒಣ ನೈಟ್ರೋಜನ್ ಸುರಕ್ಷಿತ.

ಸುತ್ತಲಿನ ಎಲ್ಲ ಓ-ರಿಂಗ್‌ಗಳನ್ನೂ ಎಣ್ಣೆ ಸವರಿ ಬದಲಿಸಿ, ಡ್ರೈಯರ್ ಹೊಸದು ಹಾಕಿ, ಅವರು ವ್ಯಾಕ್ಯೂಮ್ ಪಂಪ್ ಜೋಡಿಸಿದರು. ಮುಕ್ಕಾಲು ಗಂಟೆ ಅದು ಓಡಿತು. ಹೆಚ್ಚಿನ ಕಡೆ ಅವಸರದಲ್ಲಿ ಕೈಬಿಡುವ ಹಂತ ಇದೇ. ಪೈಪಿನೊಳಗಿನ ಗಾಳಿಯನ್ನೆಲ್ಲ ಎಳೆದಾಗ ಒಳಗಿನ ತೇವ ಆ ಕಡಿಮೆ ಒತ್ತಡದಲ್ಲಿ ತಾನಾಗಿ ಕುದಿದು ಆವಿಯಾಗಿ ಹೊರಬರುತ್ತದೆ. ತೇವ ಉಳಿದರೆ ಎಕ್ಸ್‌ಪಾನ್ಶನ್ ವಾಲ್ವ್‌ನ ರಂಧ್ರದಲ್ಲಿ ಮಂಜಾಗಿ ದಾರಿ ಕಟ್ಟುತ್ತದೆ, ಎಣ್ಣೆಯೊಡನೆ ಸೇರಿ ಆಮ್ಲವಾಗಿ ಒಳಗಿನಿಂದ ತಿನ್ನುತ್ತದೆ. ಪಂಪ್ ನಿಲ್ಲಿಸಿದ ಮೇಲೆ ಗೇಜ್ ಮುಳ್ಳು ಅಲುಗದೆ ಅರ್ಧ ಗಂಟೆ ನಿಂತರೆ ಸೋರಿಕೆ ಇಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ. ನಮ್ಮ ಕಾರಿನ ಮುಳ್ಳು ಅಲುಗಲಿಲ್ಲ.

ಗ್ಯಾಸ್ ತುಂಬುವುದು ತೂಕದ ಲೆಕ್ಕ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 350ರಿಂದ 500 ಗ್ರಾಂ. ನಿಮ್ಮ ಕಾರಿಗೆ ಎಷ್ಟೆಂಬುದು ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಅವರು ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟೇ ತುಂಬಿದರು, ಎಷ್ಟು ಎಣ್ಣೆ ಸೇರಿಸಿದೆ ಎಂಬುದನ್ನೂ ಬಿಲ್ಲಿನಲ್ಲಿ ಬರೆದರು. ಎಣ್ಣೆಯ ಮಾತು ಮರೆಯಬಾರದು. ಸೋರಿಕೆಯಲ್ಲಿ ಗ್ಯಾಸಿನ ಜೊತೆ ಎಣ್ಣೆಯೂ ಹೋಗಿರುತ್ತದೆ. ಬರೀ ಗ್ಯಾಸ್ ಹಾಕುತ್ತಾ ಹೋದರೆ ಕಂಪ್ರೆಸರ್ ಒಣಗಿ ಒಂದು ದಿನ ಹಿಡಿದುಕೊಳ್ಳುತ್ತದೆ. ಆಗ ಲೋಹದ ಪುಡಿ ಪೈಪಿನುದ್ದಕ್ಕೂ ಹರಡಿ, ಕಂಪ್ರೆಸರ್ ಅಷ್ಟೇ ಅಲ್ಲ, ಡ್ರೈಯರ್, ವಾಲ್ವ್, ಎಷ್ಟೋ ಸಲ ಕಂಡೆನ್ಸರನ್ನೂ ಬದಲಿಸಬೇಕಾಗುತ್ತದೆ. ಹತ್ತಿಪ್ಪತ್ತು ರೂಪಾಯಿಯ ರಿಂಗು ನೋಡದ ತಪ್ಪು ಅಲ್ಲಿಗೆ ಹೋಗಿ ಮುಟ್ಟುತ್ತದೆ. ಗ್ಯಾಸ್ ಕಡಿಮೆಯಾದಾಗ ಕಂಪ್ರೆಸರನ್ನು ತಾನೇ ನಿಲ್ಲಿಸುವ ಪ್ರೆಶರ್ ಸ್ವಿಚ್ ಇರುವುದು ಇದನ್ನು ತಡೆಯಲೆಂದೇ. ಅದರ ವೈರ್ ನೇರ ಸೇರಿಸಿ ‘ಓಡ್ತದೆ ಬಿಡಿ’ ಎನ್ನುವವರಿದ್ದರೆ ಕಾರು ಹಿಂದಕ್ಕೆ ತನ್ನಿ.

ಅಗ್ಗವೆಂದು ಎಲ್.ಪಿ.ಜಿ. ತುಂಬಿಸುವ ಮಾತೂ ಅಲ್ಲಲ್ಲಿ ಕೇಳಿಬರುತ್ತದೆ. ತಂಪು ಬರುವುದು ನಿಜ. ಆದರೆ ಕೂಲಿಂಗ್ ಕಾಯಿಲ್ ಇರುವುದು ನಾವು ಕೂರುವ ಜಾಗದೊಳಗೆ. ಅದು ಸೋರಿದರೆ ಗಾಜು ಏರಿಸಿದ ಕಾರಿನಲ್ಲಿ ಅಡುಗೆ ಅನಿಲ ತುಂಬುತ್ತದೆ, ಒಂದು ಕಿಡಿ ಸಾಕು. ಹೆಂಡತಿ ಮಕ್ಕಳನ್ನು ಕೂರಿಸುವ ಕಾರಿನಲ್ಲಿ ಇದನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

ಸೋರಿದ ಗ್ಯಾಸ್ ಆಕಾಶದಲ್ಲೂ ಸುಮ್ಮನಿರುವುದಿಲ್ಲ. ಹಿಂದಿನ ಕಾರುಗಳಲ್ಲಿ ಆರ್-12 ಇತ್ತು. ಅಂಥ ಗ್ಯಾಸುಗಳು ಓಝೋನ್ ಪದರವನ್ನು ತಿನ್ನುತ್ತವೆ ಎಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. 1987ರಲ್ಲಿ ಅವುಗಳ ಬಳಕೆ ತಗ್ಗಿಸುವ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತ ಸೇರಿತು. ಆರ್-12ರ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ಕೇಡು ಮಾಡುವುದಿಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರದ ಮುನ್ನೂರು ಪಟ್ಟಿಗೂ ಹೆಚ್ಚು ಬಲಶಾಲಿ. ಅಂಗಡಿಯಲ್ಲಿ ಸಿಗುವ 450 ಗ್ರಾಂ ಡಬ್ಬಿಯೊಂದು ಗಾಳಿಗೆ ಹೋದರೆ 250 ಲೀಟರ್ ಪೆಟ್ರೋಲ್ ಸುಟ್ಟಷ್ಟು ಹಾನಿ. ನಾನು ಮೂರು ಡಬ್ಬಿ ಬಿಟ್ಟಿದ್ದೇನೆ. ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ಬಂದ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಈ ಬಗೆಯ ಗ್ಯಾಸುಗಳ ಬಳಕೆಗೆ 2028ರಿಂದ ಮಿತಿ ಬೀಳಲಿದೆ. ಈಗಿನಿಂದಲೇ ಸೋರದಂತೆ ಇಟ್ಟುಕೊಳ್ಳುವುದು ಹಳೆಯ ಕಾರಿನವರಿಗೆ ಎಲ್ಲ ರೀತಿಯಲ್ಲೂ ಒಳ್ಳೆಯದು.

ಮಳೆಗಾಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸಿ. ತಿಂಗಳುಗಟ್ಟಲೆ ನಿಲ್ಲಿಸಿಟ್ಟರೆ ಕಂಪ್ರೆಸರ್ ದಂಡದ ಸೀಲಿಗೆ ಎಣ್ಣೆ ತಾಗದೆ ಒಣಗಿ ಅಲ್ಲಿಂದಲೇ ಸೋರಿಕೆ ಶುರುವಾಗುತ್ತದೆ. ಉಳಿತಾಯವೆಂದು ಎಂಟು ತಿಂಗಳು ಎ.ಸಿ. ಮುಟ್ಟದವರ ಕಾರುಗಳೇ ಮಾರ್ಚ್‌ನಲ್ಲಿ ಹೆಚ್ಚಾಗಿ ಅಂಗಡಿಯ ಮುಂದೆ ನಿಲ್ಲುತ್ತವೆ ಎಂದು ಹರಿಹರದ ಆ ಹಿರಿಯರು ಹೇಳಿದರು. ಅಂದಿನಿಂದ ನಾನು ವಾರಕ್ಕೊಮ್ಮೆ ಎ.ಸಿ. ಓಡಿಸುವುದನ್ನು ಪಾಲಿಸುತ್ತಿದ್ದೇನೆ.

ಆ ರಿಪೇರಿಯಾಗಿ ಇದು ಮೂರನೇ ಬೇಸಿಗೆ. ಅಡುಗೆಮನೆಯ ಥರ್ಮಾಮೀಟರನ್ನು ಕಾರಿನ ನಡುವಿನ ಕಿಂಡಿಗೆ ಸಿಕ್ಕಿಸಿ ಹೋದ ವಾರ ನೋಡಿದೆ: ಹೊರಗೆ 37, ಕಿಂಡಿಯಲ್ಲಿ 10. ಅತ್ತೆ ಶಾಲು ಹೊದ್ದು ಕೂತಿದ್ದರು. ನೀವೂ ಈ ಸಲ ಅಂಗಡಿಗೆ ಹೋದಾಗ “ಗ್ಯಾಸ್ ಹಾಕಿ” ಎನ್ನಬೇಡಿ. “ಎಲ್ಲಿ ಸೋರ್ತಾ ಇದೆ, ತೋರ್ಸಿ” ಎಂದು ಕೇಳಿ. ತೋರಿಸಿದವರಿಗೆ ಅವರ ಕೂಲಿ ಚೌಕಾಸಿಯಿಲ್ಲದೆ ಕೊಡಿ.